ಗಾಯದೊಳಗಿನ ಉಣ್ಣೆ

ನಮ್ಮ ಓಣಿಯಲ್ಲಿ ಯಾವ ಮಗು ಸುಟ್ಟುಕೊಂಡರೂ ಡಾಕ್ಟರಿಗಿಂತ ಮೊದಲು ನನ್ನ ಬಾಗಿಲು ಬಡಿಯುತ್ತಾರೆ. ಚಹಾ ಚೆಲ್ಲಿಕೊಂಡ ಕೂಸು, ಒಲೆಯ ಕೆಂಡ ತುಳಿದ ಕೂಸು, ದೀಪಾವಳಿಯಲ್ಲಿ ಸುರುಸುರು ಬತ್ತಿ ಮುಷ್ಟಿಯಲ್ಲಿ ಹಿಡಿದ ಕೂಸು. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಏಳನೆಯವರೆಗೆ ಕನ್ನಡ ಶಾಲೆ ಕಲಿತು, ಮುಂದೆ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟುಕೊಂಡು ಬಂದವಳು. ಆದರೆ ಸುಟ್ಟ ಮಗುವಿನ ತಾಯಿಯಾಗಿ ಕೊಲ್ಹಾಪುರದ ದೊಡ್ಡ ದವಾಖಾನೆಯ ವರಾಂಡದಲ್ಲಿ ಎರಡು ಸಲ ಸಂಸಾರ ಹೂಡಿದ್ದೇನೆ. ಅಷ್ಟಕ್ಕೇ ಊರವರಿಗೆ ನನ್ನ ಮೇಲೆ ಏನೋ ನಂಬಿಕೆ. ಬಂದವರಿಗೆ ಮೊದಲು ಬೈಯುತ್ತೇನೆ, ಆಮೇಲೆ ತಣ್ಣೀರು ಹಾಕಿಸುತ್ತೇನೆ, ಆಮೇಲೆ ಬಸ್ಸು ಹತ್ತಿಸುತ್ತೇನೆ. ಅವರ ಜೊತೆ ಹೋಗಿ ಕೂರೋಣವೆಂದರೆ ಈಗ ಮೊಣಕಾಲು ಒಪ್ಪುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಥ ವರಾಂಡದಲ್ಲಿ ಕೂತ ಪ್ರತಿಯೊಬ್ಬ ತಾಯಿಯೂ ಇದೆಲ್ಲ ತನ್ನ ತಪ್ಪಿನಿಂದಲೇ ಆಯಿತು ಎಂದುಕೊಂಡಿರುತ್ತಾಳೆ. ಹೆಚ್ಚಿನವರ ಪಾಲಿಗೆ ಅದು ಸುಳ್ಳು. ನನ್ನ ಪಾಲಿಗೆ ಅರ್ಧ ನಿಜವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಗಡಹಿಂಗ್ಲಜದ ಹತ್ತಿರದ ಹಳ್ಳಿ, ಕುರುಬರ ಮನೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮವರು ವರ್ಷದ ಎಂಟು ತಿಂಗಳು ಕುರಿಹಿಂಡಿನ ಜೊತೆ ಊರೂರು ತಿರುಗುತ್ತಿದ್ದರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮನೆಯಲ್ಲಿ ಉಳಿದವರು ನಾನು, ನನ್ನ ಅತ್ತೆ ಲಗಮವ್ವ, ಆರು ವರ್ಷದ ಮಗಳು ಶಾಲನ್. ಅತ್ತೆ ಗಟ್ಟಿ ಹೆಂಗಸು. ಉಣ್ಣೆ ನೂಲುವುದು ಅವರೇ, ಕಂಬಳಿ ಹೊತ್ತು ಸಂತೆಗೆ ಹೋಗುವುದೂ ಅವರೇ. ಮಾತು ಕಮ್ಮಿ. ಹೊರಗಿನವರ ಹತ್ತಿರ ಮಾತಾಡುವ ಪ್ರಸಂಗ ಬಂದರೆ ನನ್ನನ್ನು ಮುಂದೆ ಮಾಡುತ್ತಿದ್ದರು. ಶಾಲೆ ಕಲಿತ ಸೊಸೆ, ಮರಾಠಿ ಬಲ್ಲವಳು ಎಂದು ನಾನೂ ಸ್ವಲ್ಪ ಉಬ್ಬುತ್ತಿದ್ದೆ.

ಇಚಲಕರಂಜಿಯಲ್ಲಿ ಪವರ್‌ಲೂಮ್ ಮೇಲೆ ಕೆಲಸ ಮಾಡುತ್ತಿದ್ದ ನನ್ನ ಅಣ್ಣ ತುಕಾರಾಮ ಆ ದೀಪಾವಳಿಗೆ ನನ್ನ ಮಗಳಿಗೆ ಗುಲಾಬಿ ಬಣ್ಣದ ನಾಯ್ಲಾನ್ ಫ್ರಾಕ್ ತಂದುಕೊಟ್ಟಿದ್ದ. ನಮ್ಮ ಊರಿಗೆ ಅಂಥದ್ದು ಅದೇ ಮೊದಲು. ಶಾಲನ್ ಅದನ್ನು ಮೈಮೇಲಿಂದ ತೆಗೆಯಲೇ ಒಲ್ಲಳು. ಹಟ ಮಾಡಿದಳು, ನಾನು ಬಿಟ್ಟೆ. ಚಳಿಗಾಲದ ಬೆಳಗು. ಅಂಗಳದಲ್ಲಿ ಸ್ನಾನದ ಹಂಡೆಯ ಕೆಳಗೆ ರವದಿ ಹಾಕಿ ಉರಿ ಮಾಡಿದ್ದೆವು. ರವದಿ ಎಂದರೆ ಕಬ್ಬಿನ ಒಣ ಸೋಗೆ, ತಾಗಿಸಿದರೆ ಸಾಕು ಒಮ್ಮೆಲೇ ಭಗ್ಗನೆ ಏಳುತ್ತದೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿಗೆ ಒಂದೊಂದೇ ಸೋಗೆ ಹಾಕುತ್ತಿದ್ದಳು.

ಕೂಗು ಕೇಳಿ ಹೊರಗೆ ಬಂದಾಗ ಅತ್ತೆ ಆಗಲೇ ಹೆಗಲ ಮೇಲಿನ ಕರಿ ಕಂಬಳಿಯನ್ನು ಅವಳ ಮೇಲೆ ಹಾಕಿ ಮಣ್ಣಲ್ಲಿ ಹೊರಳಾಡಿಸುತ್ತಿದ್ದರು. ಉರಿ ಆರಿತು. ಅಷ್ಟು ಬೇಗ ಅದನ್ನು ಯಾರೂ ಮಾಡಲಾರರು, ನಾನಾಗಿದ್ದರೆ ನೀರು ತರಲು ಒಳಗೆ ಓಡುತ್ತಿದ್ದೆ. ಅತ್ತೆ ಅದೇ ಕಂಬಳಿಯಲ್ಲಿ ಅವಳನ್ನು ಬಿಗಿಯಾಗಿ ಸುತ್ತಿ, ದೇವರ ಕೋಣೆಯಿಂದ ಭಂಡಾರದ ಅರಿಸಿನ ಪುಡಿ ತಂದು ಅದರ ಮೇಲೆ ಎರಚಿದರು. ನಮ್ಮಲ್ಲಿ ದೇವರು ಕೂರುವುದೇ ಕಂಬಳಿಯ ಗದ್ದುಗೆಯ ಮೇಲೆ. ಕಂಬಳಿಯೊಳಗಿದ್ದ ಮಗು ದೇವರ ತೊಡೆಯ ಮೇಲಿದ್ದಂತೆ ಎಂದು ಅತ್ತೆ ನಂಬಿದ್ದರು. ನಾನೂ ನಂಬಿದ್ದೆ, ಆ ಗಳಿಗೆಗಂತೂ.

ಪಕ್ಕದ ಮನೆಯವರ ಚಕ್ಕಡಿಯಲ್ಲಿ ಗಡಹಿಂಗ್ಲಜಕ್ಕೆ ಬಂದೆವು. ದಾರಿಯುದ್ದಕ್ಕೂ ಕಿರುಚುತ್ತಿದ್ದವಳು ಊರ ಹತ್ತಿರ ಬರುವಾಗ ಸುಮ್ಮನಾದಳು. ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ದವಾಖಾನೆಯಲ್ಲಿ ಡಾಕ್ಟರು ಇರಲಿಲ್ಲ, ವಯಸ್ಸಾದ ಕಂಪೌಂಡರ್ ಒಬ್ಬನೇ ಇದ್ದ. ಅವನು ಕಂಬಳಿಯ ಅಂಚು ಸ್ವಲ್ಪ ಎತ್ತಿ ನೋಡಿ, ಕತ್ತರಿ ಕೈಗೆತ್ತಿಕೊಂಡು ಹೇಳಿದ, “ಆತ್ತಾಚ್ ಕಾಪೂನ್ ಕಾಢಾಯಲಾ ಪಾಹಿಜೆ. ನಾಹೀತರ್ ಚಿಕಟೇಲ.” ಈಗಲೇ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ.

ಅತ್ತೆ ನನ್ನ ಮುಖ ನೋಡಿದರು. ಏನಂತಾನ ಎಂದು ಕೇಳಿದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆತನದಲ್ಲಿ ಕುರಿಯ ಮೇಲೆ ಕತ್ತರಿ ಆಡಬಹುದು, ನೇಯ್ದ ಕಂಬಳಿಯ ಮೇಲೆ ಆಡಬಾರದು. ಕಂಬಳಿ ಹರಿದರೆ ದಬ್ಬಣ ಹಿಡಿದು ಹೊಲಿಯಬೇಕು, ತೀರ ಹರಿದರೆ ಹೊಳೆಗೆ ಬಿಡಬೇಕು. ಅದರಲ್ಲೂ ಭಂಡಾರ ಬಿದ್ದ ಕಂಬಳಿ. ಅತ್ತೆ ಒಪ್ಪುವುದಿಲ್ಲ, ವಾದ ಆಗುತ್ತದೆ ಎಂದು ನನಗೆ ಅನಿಸಿತು. ಆದರೆ ನಿಜವಾದ ಕಾರಣ ಅದಲ್ಲ. ನಿಜವೆಂದರೆ, ಕಂಬಳಿ ಬಿಡಿಸಿದರೆ ಅವಳು ಮತ್ತೆ ಕಿರುಚುತ್ತಾಳೆ, ಆ ಕಿರುಚಾಟವನ್ನು ಇನ್ನೊಮ್ಮೆ ಕೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅವಳು ಸುಮ್ಮನಿದ್ದಳು. ಕೊಲ್ಹಾಪುರದವರೆಗೆ ಸುಮ್ಮನಿರಲಿ, ಮುಂದಿನದು ಡಾಕ್ಟರು ನೋಡಿಕೊಳ್ಳಲಿ ಎಂದುಕೊಂಡೆ. ಹೊರಗೆ ಕೊಲ್ಹಾಪುರದ ಬಸ್ಸು ನಿಂತಿತ್ತು.

ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ, “ಕಂಬಳಿ ಹಂಗ ಇರ್ಲಿ, ಕೊಲ್ಲಾಪುರದಾಗ ತಗೀತಾರ ಅಂತಾನ್ರಿ.” ಕಂಪೌಂಡರಿಗೆ ಮರಾಠಿಯಲ್ಲಿ ಹೇಳಿದೆ, ಹಿರಿಯರು ಕತ್ತರಿಸಲು ಒಪ್ಪುವುದಿಲ್ಲ ಎಂದು. ಅವನು ಅತ್ತೆಯ ಕಡೆ ಒಮ್ಮೆ ನೋಡಿ, ಕತ್ತರಿ ಕೆಳಗಿಟ್ಟು, ಸೂಜಿ ಚುಚ್ಚಿ ಕಳಿಸಿದ. ಎರಡು ಭಾಷೆ ಬಲ್ಲೆನೆಂಬ ನನ್ನ ಜಂಬ ಅವತ್ತು ಉಪಯೋಗಕ್ಕೆ ಬಂದದ್ದು ಹೀಗೆ.

ಕೊಲ್ಹಾಪುರದ ದೊಡ್ಡ ದವಾಖಾನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಒಳಗೆ ಒಯ್ದರು. ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದರು. ಆ ಬಾಗಿಲ ಹಸಿರು ಬಣ್ಣ, ಕೆಳಗಡೆ ಜನರ ಚಪ್ಪಲಿ ತಾಗಿ ಎದ್ದ ಹೊಪ್ಪಳ, ಎಲ್ಲ ನನಗೆ ಇವತ್ತಿಗೂ ನೆನಪಿದೆ. ಮಗಳ ಕೂಗು ಒಮ್ಮೆ ಕೇಳುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಕೂಗಿದಾಗ ಸಾಯಬಾರದೇ ಅನಿಸುತ್ತಿತ್ತು, ನಿಂತಾಗ ಸತ್ತೇ ಹೋದಳೇನೋ ಎಂದು ಜೀವ ಹಾರುತ್ತಿತ್ತು.

ಹೊರಗೆ ಬಂದ ಡಾಕ್ಟರು ಮರಾಠಿಯವರು, ಚಿಕ್ಕ ವಯಸ್ಸಿನವರು, ಅವರ ಮುಖದಲ್ಲೂ ದಣಿವಿತ್ತು. ಅವರು ಎರಡು ಮಾತು ಹೇಳಿದರು. ಕಂಬಳಿ ಹಾಕಿ ಬೆಂಕಿ ಆರಿಸಿದವರು ಹುಡುಗಿಯ ಜೀವ ಉಳಿಸಿದ್ದಾರೆ, ಇದು ಒಂದು. ಆದರೆ ಅದನ್ನು ಮೈಮೇಲೆ ಬಿಟ್ಟಿದ್ದರಿಂದ ಬಲಗೈಯಲ್ಲಿ ಕರಗಿದ ನಾಯ್ಲಾನು ಮತ್ತು ಉಣ್ಣೆ ಗಾಯದೊಳಗೆ ಸೇರಿಕೊಂಡಿವೆ, ಬೆರಳು ಉಳಿಯುತ್ತವೋ ಇಲ್ಲವೋ ಈಗಲೇ ಹೇಳಲಾರೆ, ಇದು ಎರಡು. ಅತ್ತೆ ಮತ್ತೆ ನನ್ನ ಮುಖ ನೋಡಿದರು. ನಾನು ಎರಡನೆಯ ಮಾತನ್ನಷ್ಟೇ ಹೇಳಿದೆ. ಮೊದಲನೆಯದನ್ನು ಬೇಕೆಂದೇ ನುಂಗಿದ್ದಲ್ಲ. ಬೆರಳು ಎನ್ನುವ ಶಬ್ದ ಬಂದ ಮೇಲೆ ನನಗೆ ಬೇರೇನೂ ಹೇಳಲು ಬರಲಿಲ್ಲ. ಆದರೆ ಮರುದಿನ ಹೇಳಬಹುದಿತ್ತು, ಅದರ ಮರುದಿನವೂ ಹೇಳಬಹುದಿತ್ತು.

ಆ ವಾರ್ಡಿನಲ್ಲಿ ಬೆಂಕಿ, ಬಿಸಿನೀರು, ಕಾದ ಎಣ್ಣೆ, ಯಂತ್ರ ಇವುಗಳಿಗೆ ಸಿಕ್ಕ ಮಕ್ಕಳೇ. ಜಯಸಿಂಗಪುರದ ಹುಡುಗನೊಬ್ಬ ಕುದಿಯುವ ಸಾರಿನಲ್ಲಿ ಕೂತುಬಿಟ್ಟಿದ್ದ. ಬಿದ್ರಿಯ ಕಡೆಯ ಹುಡುಗಿಯ ಕಾಲು ಕಬ್ಬಿನ ಗಾಡಿಯ ಕೆಳಗೆ ಸಿಕ್ಕಿತ್ತು. ಹೊದಿಕೆ ಗಾಯಕ್ಕೆ ತಾಗದಂತೆ ಮಂಚದ ಮೇಲೆ ಕಬ್ಬಿಣದ ಕಮಾನು ಇಟ್ಟು ಅದರ ಮೇಲೆ ಚಾದರ ಹಾಸುತ್ತಿದ್ದರು. ಹೊಸದಾಗಿ ಬಂದ ತಾಯಂದಿರು ಆ ಕಮಾನು ನೋಡಿ ಅಳುತ್ತಿದ್ದರು. ವಾರ ಕಳೆದರೆ ಅದರ ಮೇಲೆಯೇ ಟವೆಲ್ ಒಣಹಾಕುತ್ತಿದ್ದರು, ನಾನೂ ಹಾಕಿದೆ.

ದಿನ ಬಿಟ್ಟು ದಿನ ಡ್ರೆಸಿಂಗ್. ಉಪ್ಪುನೀರಲ್ಲಿ ಕೈ ನೆನೆಸಿ, ಚಿಮಟ ಹಿಡಿದು ಒಂದೊಂದೇ ಉಣ್ಣೆಯ ಎಳೆ ಕೀಳುತ್ತಿದ್ದರು. ಇವತ್ತು ಮುಗಿಯಿತು ಅಂದುಕೊಂಡರೆ ನಾಡಿದ್ದು ಪಟ್ಟಿಯ ಮೇಲೆ ಮತ್ತೆ ಎರಡು ಕರಿ ಎಳೆ. ಅಲ್ಲಿಯ ಸಿಸ್ಟರ್ ಒಬ್ಬಳು ಒರಟು ಬಾಯಿಯವಳು, ನಮ್ಮಂಥವರನ್ನು ಕಂಡರೆ ಸಿಡಿಮಿಡಿ. ಆದರೆ ಡ್ರೆಸಿಂಗ್ ಮಾಡುವಾಗ ಶಾಲನಳಿಗೆ ಎಣಿಸು ಎನ್ನುತ್ತಿದ್ದಳು. ನೂರು ಎಣಿಸುವಷ್ಟರಲ್ಲಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟು, ಮುಗಿಯದಿದ್ದರೂ ನೂರಕ್ಕೆ ನಿಲ್ಲಿಸಿ, ಸ್ವಲ್ಪ ಬಿಟ್ಟು ಮತ್ತೆ ಶುರು ಮಾಡುತ್ತಿದ್ದಳು. ಮಾತಿಗೆ ತಪ್ಪಲಿಲ್ಲ. ಮಗಳು ಎಣಿಸುವುದು ಕನ್ನಡದಲ್ಲಿ. ಹದಿನೈದು ದಿನದಲ್ಲಿ ಆ ಸಿಸ್ಟರಿಗೂ ನೂರರವರೆಗೆ ಕನ್ನಡ ಬಂತು. ಎಪ್ಪತ್ತೊಂಬತ್ತನ್ನು ಮಾತ್ರ ಯಾವಾಗಲೂ ತಪ್ಪು ಹೇಳುತ್ತಿದ್ದಳು, ಅಷ್ಟು ನೋವಿನಲ್ಲೂ ಶಾಲನ್ ಅದನ್ನು ತಿದ್ದುತ್ತಿದ್ದಳು. ಹೊರಗೆ ಕೂತ ನನಗೆ ಅವಳು ಎಪ್ಪತ್ತೊಂಬತ್ತು ಎಂದು ತಿದ್ದುವುದು ಕೇಳಿದರೆ ಒಂದು ಗುಟುಕು ನೀರು ಕುಡಿಯಲು ಧೈರ್ಯ ಬರುತ್ತಿತ್ತು.

ನಮ್ಮವರಿಗೆ ಸುದ್ದಿ ಮುಟ್ಟಿಸುವುದು ಸುಲಭವಿರಲಿಲ್ಲ. ಹಿಂಡು ಯಾರ ಹೊಲದಲ್ಲಿ ಕೂತಿದೆ ಎಂದು ಯಾರಿಗೆ ಗೊತ್ತು? ಸಂತೆಯಿಂದ ಸಂತೆಗೆ, ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಅವರು ಬಂದದ್ದು ಒಂಬತ್ತನೆಯ ದಿನ. ಕಾಲಿಗೆ ಅಂಟಿದ ಮಣ್ಣೂ ತೊಳೆಯದೆ ವಾರ್ಡಿಗೆ ಬಂದು ಮಗಳನ್ನು ನೋಡಿದರು. ಡಾಕ್ಟರಿಂದ ಕೇಳಿಕೊಂಡು ಬಂದರು. ಆಮೇಲೆ ವರಾಂಡದಲ್ಲಿ ಎಲ್ಲರ ಎದುರು ತಾಯಿಗೆ ಹೇಳಿದರು, “ನಿನ್ನ ಕಂಬಳಿ ನನ್ನ ಮಗಳ ಕೈ ತಿಂದತಿ. ಇನ್ನ ಆಕಿನ್ನ ಮುಟ್ಟಬ್ಯಾಡ.”

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಒರಗಿದರು. ನಾನು ಕೈಯಲ್ಲಿದ್ದ ತಾಟನ್ನು ತೊಳೆಯಲು ನಳದ ಕಡೆ ಹೋದೆ. ಅದು ತೊಳೆದ ತಾಟೇ ಆಗಿತ್ತು. ಆಗ ಬಾಯಿ ಬಿಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತು ಎನ್ನುವ ಹೆದರಿಕೆಯೊಂದೇ ತಲೆಯಲ್ಲಿತ್ತು. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಬೆರಳು ಕತ್ತರಿಸುವ ಪ್ರಸಂಗ ತಪ್ಪಿತು. ಒಂದೂವರೆ ತಿಂಗಳ ಮೇಲೆ ಬಿಟ್ಟರು, ಆದರೆ ಡ್ರೆಸಿಂಗಿಗೆ ಬರುತ್ತಿರಬೇಕು ಎಂದರು. ಹಳ್ಳಿಯಿಂದ ಆಗುವ ಮಾತಲ್ಲ. ಇಚಲಕರಂಜಿಯಲ್ಲಿ ಅಣ್ಣನ ಖೋಲಿಯಲ್ಲಿ ಎರಡು ತಿಂಗಳು ಉಳಿದೆ. ಅತ್ತೆ ಊರಿಗೆ ಹೋದರು. ಖೋಲಿಯ ಮೂರು ಬದಿಗೂ ಮಗ್ಗ, ಮುಂಜಾನೆಯಿಂದ ಒಂದೇ ಸಮನೆ ಖಟಖಟ. ಮೊದಲ ದಿನ ತಲೆ ಒಡೆದೇ ಹೋಗುತ್ತದೆ ಅನಿಸಿತು. ಆಮೇಲೆ ತಿಳಿಯಿತು, ಅದೂ ಒಂದು ಉಪಕಾರವೇ. ಮಗಳು ಎಷ್ಟು ಅತ್ತರೂ ನೆರೆಯವರಿಗೆ ಕೇಳುತ್ತಿರಲಿಲ್ಲ, ನಾನು ಅತ್ತದ್ದು ಮಗಳಿಗೆ ಕೇಳುತ್ತಿರಲಿಲ್ಲ. ಅಣ್ಣ ಮಾತ್ರ ಆ ಫ್ರಾಕಿನ ಮಾತೆತ್ತಿ ಎತ್ತಿ ಹಣೆ ಚಚ್ಚಿಕೊಳ್ಳುತ್ತಿದ್ದ. ನಾನು ಹೇಳಿದೆನಲ್ಲ, ಪ್ರತಿಯೊಬ್ಬರಿಗೂ ತಮ್ಮದೇ ತಪ್ಪು.

ಗಾಯ ಮಾಯಿತು, ಕೈ ತೆರೆಯಲಿಲ್ಲ. ಮಾಯುತ್ತ ಮಾಯುತ್ತ ಚರ್ಮ ಎಳೆದುಕೊಂಡು ಬಲಗೈ ಮುಷ್ಟಿಯಾಗಿ ನಿಂತುಬಿಟ್ಟಿತು. ಮಗು ಬೆಳೆಯುತ್ತದೆ, ಈ ಚರ್ಮ ಬೆಳೆಯುವುದಿಲ್ಲ, ಸ್ವಲ್ಪ ದೊಡ್ಡವಳಾದ ಮೇಲೆ ಬಿಡಿಸಿ ನೋಡೋಣ ಎಂದರು ಡಾಕ್ಟರು. ಶಾಲನ್ ಎಡಗೈಯಲ್ಲಿ ಬರೆಯಲು ಕಲಿತಳು, ಎಡಗೈಯಲ್ಲಿ ಜಡೆ ಹಾಕಿಕೊಳ್ಳಲು ಒದ್ದಾಡಿದಳು, ಊಟಕ್ಕೆ ಎಡಗೈ ಹಾಕುತ್ತಾಳೆಂದು ಊರವರ ಬಾಯಿಗೆ ಬಿದ್ದಳು. ಮುಷ್ಟಿಯನ್ನು ಯಾವಾಗಲೂ ಪರಕಾರದ, ಅಂದರೆ ಲಂಗದ, ಮರೆಗೆ ಇಟ್ಟುಕೊಳ್ಳುತ್ತಿದ್ದಳು.

ಮನೆಯಲ್ಲಿ ಅತ್ತೆ ಹೆಗಲ ಮೇಲೆ ಕಂಬಳಿ ಹಾಕುವುದನ್ನು ಬಿಟ್ಟರು. ಸಂತೆಗೂ ಹೋಗಲಿಲ್ಲ. ಮೊಮ್ಮಗಳಿಗೆ ನೀರು ಕಾಯಿಸಿ ಇಡುವರು, ಹಾಲು ತೆಗೆದಿಡುವರು, ಆ ಕೈಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಗ ಸಿಟ್ಟಿನಲ್ಲಿ ಒಮ್ಮೆ ಅಂದ ಮಾತನ್ನು ಆರು ವರ್ಷ ಪಾಲಿಸಿದರು. ನಮ್ಮವರು ಹಿಂಡಿನ ಜೊತೆ ಹೋದಾಗಲೂ, ನೋಡುವವರು ಯಾರೂ ಇಲ್ಲದಾಗಲೂ. ಶಾಲನ್ ಸಣ್ಣವಳಿದ್ದಾಗ ಒಮ್ಮೆ ಕೇಳಿದಳು, ಅಜ್ಜಿಗೆ ನನ್ನ ಕೈ ಕಂಡರೆ ಹೇಸಿಕೆಯೇನು ಎಂದು. ಹಾಗೆಲ್ಲ ಅನ್ನಬಾರದು ಎಂದು ಗದರಿದೆ. ಗದರಬೇಕಾದದ್ದು ಯಾರನ್ನು ಎಂದು ನನಗೆ ಗೊತ್ತಿತ್ತು.

ಎಂಬತ್ತರ ದಶಕದ ನಡುವೆ ಮತ್ತೆ ಕೊಲ್ಹಾಪುರ. ಅದೇ ವರಾಂಡ. ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದರು. ಹೊರಡುವ ದಿನ ಅತ್ತೆ ಯಾರನ್ನೂ ಕೇಳದೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮವರು ಹಿಂಡಿನ ಜೊತೆಗಿದ್ದರು, ಬೇಡ ಎನ್ನುವವರು ಯಾರೂ ಇರಲಿಲ್ಲ. ಮುಷ್ಟಿ ಬಿಡಿಸಿ, ಹೊಸ ಚರ್ಮ ಹಾಕಿ, ಹಲಗೆಗೆ ಬೆರಳು ಚಾಚಿ ಕಟ್ಟಿದರು. ಕೆಲವು ದಿನದ ಮೇಲೆ ಬಿಚ್ಚಿ ನೋಡುವುದು. ಹಾಕಿದ ಚರ್ಮ ಹಿಡಿದಿದ್ದರೆ ಕೈ ಉಂಟು, ಇಲ್ಲವಾದರೆ ಮತ್ತೆ ಮುಷ್ಟಿಯೇ. ಮೂರನೆಯ ಸಲ ಮಾಡಲು ತೊಡೆಯಲ್ಲೂ ಜಾಗ ಉಳಿದಿಲ್ಲ ಎಂದಿದ್ದರು ಡಾಕ್ಟರು.

ಬಿಚ್ಚುವ ದಿನ ಮುಂಜಾನೆಯೇ ಅವಳನ್ನು ಒಳಗೆ ಕರೆದೊಯ್ದರು. ನಾನೂ ಅತ್ತೆಯೂ ಹೊರಗಿನ ಬಾಕಿನ ಮೇಲೆ ಕೂತೆವು. ಹನ್ನೆರಡು ವರ್ಷದವಳು, ಈಗ ಕೂಗುವುದಿಲ್ಲ, ಎಣಿಸುವುದೂ ಇಲ್ಲ. ಆ ಮೌನದಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಆ ಚರ್ಮ ಹಿಡಿದಿರದಿದ್ದರೆ ನಾನು ಮುಂದೆ ಎಂದೂ ಬಾಯಿ ಬಿಡಲಾರೆ ಎಂದು ಹೊಳೆಯಿತು.

“ಅತ್ತಿ,” ಎಂದೆ, “ಅವತ್ತ ಗಡಿಂಗ್ಲಜದಾಗ ಕಂಪೌಂಡರ ಕಂಬಳಿ ಕತ್ತರಿಸಿ ತಗೀಬೇಕು ಅಂದಿದ್ದ. ನಾ ನಿಮಗ ಸುಳ್ಳ ಹೇಳಿದ್ನಿ.”

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡರು. “ಗೊತ್ತೈತಿ,” ಎಂದರು.

ನಾನು ಅವರನ್ನೇ ನೋಡಿದೆ.

“ಮೂವತ್ತ ವರ್ಷ ಗಡಿಂಗ್ಲಜದ ಸಂತ್ಯಾಗ ಕಂಬಳಿ ಮಾರೇನಿ. ಕೊಳ್ಳಾಕ ಬಂದಾವ್ರು ಕನ್ನಡದಾಗ ಕೇಳ್ತಿದ್ರೇನ? ಮಾತಾಡಾಕ ನಾಲಿಗಿ ಹೊಳ್ಳಂಗಿಲ್ಲ, ಅಷ್ಟ. ಕೇಳಿದ್ದೆಲ್ಲಾ ತಿಳಿತೈತಿ.”

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಕತ್ರಿ ಹಾಕ್ರಿ ಅನ್ನಾಕ ನನಗೂ ಬಾಯಿ ಬರ್ಲಿಲ್ಲ. ನೀ ಬ್ಯಾಡ ಅಂದಂಗ ಮಾಡಿದಿ, ನನಗ ಛಲೋನ ಆತು. ತಪ್ಪ ನಿನ್ನದಷ್ಟ ಹೆಂಗ ಆದೀತು?”

ಮಗ ಬೈದಾಗಲಾದರೂ ಹೇಳಬಹುದಿತ್ತಲ್ಲ ಎಂದೆ.

“ನನ್ನ ಬೈದ, ಕುರಿ ಕಡೆ ಹ್ವಾದ. ನಿನ್ನ ಬೈದಿದ್ರ ಮನೀನ ಮುರೀತಿತ್ತು. ಕೂಸಿಗೆ ಅವ್ವ ಬೇಕಾಗಿತ್ತು.” ಅತ್ತೆ ಬಾಗಿಲ ಕಡೆ ನೋಡುತ್ತಲೇ ಮಾತಾಡುತ್ತಿದ್ದರು. “ಆದ್ರ ಡಾಕ್ಟರ ಇನ್ನೊಂದ ಹೇಳಿದ್ದ. ಕಂಬಳಿ ಜೀವಾ ಉಳಸೈತಿ ಅಂದಿದ್ದ. ಅದನ್ನ ನೀ ನನ್ನ ಮಗನ ಮುಂದರ ಹೇಳಬೇಕಾಗಿತ್ತು, ರುಕ್ಮವ್ವಾ. ಅದೊಂದ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆರು ವರ್ಷದಲ್ಲಿ ಅವರು ನನ್ನಿಂದ ಕೇಳಿದ್ದು ಅದೊಂದೇ, ಅದೂ ಆ ಕಾಲ ದಾಟಿದ ಮೇಲೆ. ನನಗೆ ಅಳು ಬಂತು. ಸುತ್ತ ಕೂತವರು ತಿರುಗಿ ನೋಡಲಿಲ್ಲ. ಆ ವರಾಂಡದಲ್ಲಿ ಯಾರಾದರೂ ಒಬ್ಬರು ಅಳುತ್ತಲೇ ಇರುತ್ತಾರೆ.

ಬಾಗಿಲು ತೆರೆಯಿತು. ಸಿಸ್ಟರ್ ತಲೆ ಹೊರಗೆ ಹಾಕಿ, ಶಾಲನ್ ಜೊತೆ ಯಾರಿದ್ದೀರಿ, ಒಬ್ಬರೇ ಬನ್ನಿ ಎಂದು ಮರಾಠಿಯಲ್ಲಿ ಕರೆದಳು. ನಾನು ಎದ್ದೆ. ಎದ್ದು, ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ, ನೀವು ಹೋಗಿ ಎಂದೆ. ಮುಟ್ಟಬ್ಯಾಡ ಅಂದಾನಲ್ಲ ಎಂದು ಅತ್ತೆ ಹಿಂದೆ ಸರಿದರು. ಅವರ ಬೆನ್ನಿಗೆ ಕೈ ಹಚ್ಚಿ ಬಾಗಿಲವರೆಗೆ ನಾನೇ ನಡೆಸಿಕೊಂಡು ಹೋದೆ. ನಮ್ಮವರು ಬಂದ ಮೇಲೆ ನಾನು ಅವರಿಗೆ ಹೇಳುತ್ತೇನೆ, ಎಲ್ಲವನ್ನೂ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಅದರ ಕಥೆ ಬೇರೆ, ಅದರಿಂದ ಮನೆಯೇನೂ ಮುರಿಯಲಿಲ್ಲ, ಬಹಳ ದಿನ ಮಾತು ಮುರಿದಿತ್ತು ಅಷ್ಟೇ.

ಬಾಗಿಲು ಮುಚ್ಚಿತು. ಬಾಕಿನ ಮೇಲೆ ಒಬ್ಬಳೇ ಕೂತೆ. ಎಷ್ಟು ಹೊತ್ತೆಂದು ಹೇಳಲಾರೆ. ಅತ್ತೆ ಹೊರಗೆ ಬಂದಾಗ ತಮ್ಮ ಬಲಗೈಯ ತೋರು ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಏನಾಯಿತು ಎಂದು ಕೇಳಿದೆ.

“ಚರ್ಮ ಹಿಡದೈತಂತ. ಎರಡ ಬೆರಳ ಇನ್ನೂ ಸೊಟ್ಟ ಅದಾವು,” ಎಂದರು. ಬಂದು ಪಕ್ಕದಲ್ಲಿ ಕೂತರು. “ಡಾಕ್ಟರ ಏನರ ಹಿಡಿ ಅಂದ. ಆಕಿ ನನ್ನ ಬೆರಳ ಹಿಡದ್ಲು.”

ಗಟ್ಟಿಯಾಗಿ ಹಿಡಿದಳೇ ಎಂದು ಕೇಳಿದೆ.

“ಗಟ್ಟಿ ಏನಿಲ್ಲ,” ಎಂದರು ಅತ್ತೆ. “ಆದ್ರ ಬಿಡಲಿಲ್ಲ.”